ತೀರಿಹೋದವರಿಗಾಗಿ ಪ್ರಾರ್ಥಿಸಬಹುದೆ?



ಸೆಪ್ಟೆಂಬರ್ 8 ಬಂತೆಂದರೆ ಹರಿಹರದ ಆರೋಗ್ಯಮಾತೆಯ ಚರ್ಚಿಗೆ ಜನ ಹರಿದುಬರುತ್ತಾರೆ. ಹರಕೆ ಹೊತ್ತವರಲ್ಲಿ ಕ್ರೈಸ್ತರಲ್ಲದವರೂ ಇರುತ್ತಾರೆ. ಕುಕ್ಕುವಾಡದ ಕಡೆಯವರಿಗೆ ಇದೇನೂ ಹೊಸ ಸುದ್ದಿಯಲ್ಲ. ಆದರೆ ಅದೇ ಯೇಸುವನ್ನು ನಂಬುವ ಪ್ರೊಟೆಸ್ಟಂಟರು ಮಾತೆಗೆ ಹರಕೆ ಹೊರುವುದಿಲ್ಲ. ನವೆಂಬರ್ 2ರಂದು ಕಥೋಲಿಕರು ಸಮಾಧಿಗಳಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ತೀರಿಹೋದವರ ಆತ್ಮಕ್ಕಾಗಿ ಪೂಜೆ ಮಾಡಿಸುತ್ತಾರೆ. ಪ್ರೊಟೆಸ್ಟಂಟರೂ ಸಮಾಧಿಗೆ ಹೂವಿಡುವುದುಂಟು. ಆದರೆ ಅವರ ಪ್ರಾರ್ಥನೆ ಸಾಮಾನ್ಯವಾಗಿ ಉಳಿದವರ ಸಮಾಧಾನಕ್ಕಾಗಿಯೇ ಹೊರತು ಸತ್ತವರ ಸದ್ಗತಿಗಾಗಿ ಅಲ್ಲ.

ಇದು ಬರೀ ಪದ್ಧತಿಯ ವ್ಯತ್ಯಾಸವಲ್ಲ. ಪಾಪಿಯಾದ ಮನುಷ್ಯ ಉದ್ಧಾರವಾಗುವುದು ಹೇಗೆ ಎಂಬ ಪ್ರಶ್ನೆಗೆ ಎರಡು ಪಂಗಡಗಳು ಕೊಡುವ ಉತ್ತರ ಇದರ ಹಿಂದಿದೆ. ಈ ಉದ್ಧಾರವನ್ನೇ ಕ್ರೈಸ್ತರು ‘ರಕ್ಷಣೆ’ ಎನ್ನುತ್ತಾರೆ. ಕಥೋಲಿಕರಿಗೆ ಪುಣ್ಯಕಾರ್ಯದಿಂದ ರಕ್ಷಣೆ, ಪ್ರೊಟೆಸ್ಟಂಟರಿಗೆ ನಂಬಿಕೆಯಿಂದ ಎಂದು ಎರಡೇ ಮಾತಿನಲ್ಲಿ ಮುಗಿಸುವವರಿದ್ದಾರೆ. ಅದು ಸರಿಯಲ್ಲ. ರಕ್ಷಣೆ ದೇವರ ಕೃಪೆ, ಮೊದಲ ಹೆಜ್ಜೆ ದೇವರದೇ ಎಂಬುದರಲ್ಲಿ ಇಬ್ಬರಿಗೂ ತಕರಾರಿಲ್ಲ. ತಕರಾರಿರುವುದು ಆ ಕೃಪೆ ಮನುಷ್ಯನಲ್ಲಿ ಏನು ಮಾಡುತ್ತದೆ ಎಂಬುದರಲ್ಲಿ.

ಸಾಹುಕಾರ ಸಾಲಪತ್ರವನ್ನು ಹರಿದುಹಾಕಿದ ಎಂದುಕೊಳ್ಳಿ. ಸಾಲಗಾರ ಆ ಗಳಿಗೆಯಿಂದಲೇ ಋಣಮುಕ್ತ. ಅವನ ಗುಣ ಇನ್ನೂ ತಿದ್ದಿಲ್ಲದಿರಬಹುದು, ಆದರೆ ಸಾಲವಂತೂ ಇಲ್ಲ. ಕ್ರಿಸ್ತನ ದೆಸೆಯಿಂದ ದೇವರು ಪಾಪಿಯನ್ನು ಹೀಗೆ ನೀತಿವಂತನೆಂದು ಎಣಿಸುತ್ತಾನೆ, ಅದನ್ನು ನಂಬಿಕೆಯಿಂದ ಸ್ವೀಕರಿಸಿದರೆ ಸಾಕು ಎಂಬುದು ಮಾರ್ಟಿನ್ ಲೂಥರನ ವಾದ. ಒಳ್ಳೆಯ ಕೆಲಸ ಬೇಡವೆಂದಲ್ಲ. ಅದು ರಕ್ಷಣೆಯ ಫಲ, ಬೆಲೆಯಲ್ಲ.

ಕಥೋಲಿಕರ ಮಾತಿಗೆ ಕಾಯಿಲೆಯ ಹೋಲಿಕೆ ಹೆಚ್ಚು ಒಪ್ಪುತ್ತದೆ. ಮದ್ದು ವೈದ್ಯನದು, ಪಥ್ಯ ರೋಗಿಯದು. ಕೃಪೆ ಮನುಷ್ಯನನ್ನು ಒಳಗಿನಿಂದಲೇ ವಾಸಿಮಾಡುತ್ತದೆ. ಸಂಸ್ಕಾರಗಳಿಂದ, ದಾನಧರ್ಮಗಳಿಂದ ಅದು ಬೆಳೆಯುತ್ತದೆ, ಘೋರ ಪಾಪದಿಂದ ಕಳೆದುಹೋಗುತ್ತದೆ, ಪಾಪನಿವೇದನೆಯಿಂದ ಮರಳುತ್ತದೆ. ಪೂರ್ತಿ ವಾಸಿಯಾಗುವ ಮೊದಲೇ ಸತ್ತರೆ? ಅಂಥವರು ಶುದ್ಧಿಗೊಂಡೇ ಸ್ವರ್ಗ ಸೇರುತ್ತಾರೆ, ಅವರಿಗೆ ಬದುಕಿರುವವರ ಪ್ರಾರ್ಥನೆ ನೆರವಾಗುತ್ತದೆ ಎಂದು ಕಥೋಲಿಕ ಸಭೆ ಹೇಳುತ್ತದೆ. ಸಾಲಪತ್ರವೇ ಹರಿದುಹೋಗಿದ್ದರೆ ಈ ಶುದ್ಧಿಗೆ ಜಾಗವೆಲ್ಲಿ?

ಜಗಳ ಹೊತ್ತಿಕೊಂಡಿದ್ದೂ ಸತ್ತವರ ಹೆಸರಿನಲ್ಲೇ. ರೋಮಿನಲ್ಲಿ ಸಂತ ಪೇತ್ರರ ದೇವಾಲಯ ಕಟ್ಟಲು ಹಣ ಬೇಕಾಗಿತ್ತು. ಟೆಟ್ಸೆಲ್ ಎಂಬ ಸಂನ್ಯಾಸಿ ಜರ್ಮನಿಯಲ್ಲಿ ಕ್ಷಮಾಪತ್ರ ಹಂಚಿ ಹಣ ಕೂಡಿಸಿದ. ತೀರಿಹೋದ ತಂದೆತಾಯಿಗಳಿಗಾಗಿಯೂ ಅದನ್ನು ಕೊಳ್ಳಬಹುದಿತ್ತು. ಇದನ್ನು ಪ್ರಶ್ನಿಸಿ ಲೂಥರ್ 1517ರ ಅಕ್ಟೋಬರ್ 31ರಂದು 95 ವಾದಗಳನ್ನು ಮುಂದಿಟ್ಟ. ಸ್ವಾರಸ್ಯವೆಂದರೆ, ಆಗಿನ್ನೂ ಆತ ಶುದ್ಧೀಕರಣ ಸ್ಥಳವನ್ನು ಅಲ್ಲಗಳೆದಿರಲಿಲ್ಲ. ಅದನ್ನು ಖಂಡಿಸಿ ಪ್ರತ್ಯೇಕವಾಗಿ ಬರೆದದ್ದು 1530ರಲ್ಲಿ. ಕಥೋಲಿಕರು ಟ್ರೆಂಟ್ ಮಹಾಸಭೆಯಲ್ಲಿ 1547ರಲ್ಲಿ ರಕ್ಷಣೆಯ ಬಗೆಗಿನ ತಮ್ಮ ನಿಲುವನ್ನು ಗಟ್ಟಿಮಾಡಿಕೊಂಡರು. 1563ರಲ್ಲಿ ಶುದ್ಧೀಕರಣದ ಬೋಧನೆಯನ್ನು ಉಳಿಸಿಕೊಂಡು, ಕ್ಷಮಾಪತ್ರದ ದುಡ್ಡಿನ ವ್ಯವಹಾರವನ್ನು ಖಂಡಿಸಿದರು.

ಗ್ರಂಥದಲ್ಲೂ ಭೇದವಿದೆ. ಸತ್ತವರಿಗಾಗಿ ಪ್ರಾರ್ಥಿಸಿದ ಪ್ರಸಂಗ ಬರುವುದು ಮಕ್ಕಬಿಯರ ಎರಡನೆಯ ಪುಸ್ತಕದಲ್ಲಿ. ಕಥೋಲಿಕರ ಬೈಬಲ್ಲಿನ 73 ಪುಸ್ತಕಗಳಲ್ಲಿ ಅದೂ ಒಂದು. ಪ್ರೊಟೆಸ್ಟಂಟರ 66ರಲ್ಲಿ ಅದಿಲ್ಲ.

ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಪ್ರೊಟೆಸ್ಟಂಟರಲ್ಲಿ ವೆಸ್ಲಿಯನ್ ಮಿಶನ್ನಿನವರು ಮುಖ್ಯರು. 1947ರ ಸೆಪ್ಟೆಂಬರ್ 27ರಂದು ಹುಟ್ಟಿದ ಸಿಎಸ್‌ಐ ಸಭೆಯಲ್ಲಿ ಅವರ ಪರಂಪರೆ ಬೆರೆತಿದೆ. ನಂಬಿಕೆಯ ಜೊತೆಗೆ ಪರಿಶುದ್ಧ ಬಾಳ್ವೆಯೂ ಬೇಕೆಂದು ಜಾನ್ ವೆಸ್ಲಿ ಒತ್ತಿ ಹೇಳಿದ್ದರಿಂದ, ಲೂಥರನ ಮಾತು ಇಲ್ಲಿ ಸ್ವಲ್ಪ ಬೇರೆ ಬಣ್ಣ ಪಡೆದೇ ಬಂತು ಎನ್ನಬೇಕು.

1999ರ ಅಕ್ಟೋಬರ್ 31ರಂದು ಕಥೋಲಿಕರೂ ಲೂಥರನ್ನರೂ ಆಗ್ಸ್‌ಬರ್ಗ್‌ನಲ್ಲಿ ಒಂದು ಜಂಟಿ ಹೇಳಿಕೆಗೆ ಸಹಿ ಹಾಕಿದರು: ಮನುಷ್ಯನನ್ನು ದೇವರು ಅಂಗೀಕರಿಸುವುದು ಕೃಪೆಯಿಂದಲೇ, ಅವನ ಯೋಗ್ಯತೆಯಿಂದಲ್ಲ. 2006ರಲ್ಲಿ ಮೆಥಡಿಸ್ಟರೂ ಒಪ್ಪಿದರು. ಸತ್ತವರ ಶುದ್ಧೀಕರಣದ ಪ್ರಶ್ನೆ ಆ ಹೇಳಿಕೆಯಲ್ಲಿ ಇತ್ಯರ್ಥವಾಗಲಿಲ್ಲ.

ಹೀಗಾಗಿ ಎರಡು ಪಂಗಡಗಳ ನಡುವೆ ಮದುವೆಯಾದ ಮನೆಗಳಲ್ಲಿ ಅದು ಇನ್ನೂ ಜೀವಂತ ಪ್ರಶ್ನೆ. ಅತ್ತೆ ಸಿಎಸ್‌ಐ, ಸೊಸೆ ಕಥೋಲಿಕಳು ಎಂದಿಟ್ಟುಕೊಳ್ಳಿ. ಅತ್ತೆ ತೀರಿಕೊಂಡ ಮೇಲೆ ಆಕೆಯ ಹೆಸರಿನಲ್ಲಿ ಸೊಸೆ ಪೂಜೆ ಮಾಡಿಸಬಹುದೆ? 1983ರ ಕಥೋಲಿಕ ಧರ್ಮಸಂಹಿತೆಯ 901ನೇ ವಿಧಿ, ಬದುಕಿರುವವರು ಸತ್ತವರು ಯಾರಿಗಾಗಿ ಬೇಕಾದರೂ ಪಾದ್ರಿ ಪೂಜೆ ಅರ್ಪಿಸಬಹುದು ಎನ್ನುತ್ತದೆ. ಅತ್ತೆಯ ಕಡೆಯವರು ಮಾತ್ರ, ಆಕೆಯ ಸಾಲಪತ್ರ ಎಂದೋ ಹರಿದುಹೋಗಿದೆ ಎಂದಾರು.