ಕೇಳದೇ ಕೇಳಿಸಿದ್ದು

ಇವತ್ತು ಫೆಬ್ರವರಿ 13, ವಿಶ್ವ ರೇಡಿಯೊ ದಿನ. ಟಿವಿಯವನು ಸ್ಟುಡಿಯೊದಲ್ಲಿ ಕೂತು ರೇಡಿಯೊವನ್ನು ಹೊಗಳೋದು ಸವತಿಗೆ ಆರತಿ ಎತ್ತಿದ ಹಾಗೆ ಅಂತ ನಮ್ಮ ಡೆಸ್ಕಿನಲ್ಲಿ ಒಬ್ಬರು ತಮಾಷೆ ಮಾಡಿದರು. ಎತ್ತೋಣ ಬಿಡಿ, ಅವಳು ಹಿರಿಯವಳು.

1946ರಲ್ಲಿ ಇದೇ ದಿನ ವಿಶ್ವಸಂಸ್ಥೆಯ ರೇಡಿಯೊ ಶುರುವಾಯಿತು. ಕನ್ನಡಿಗರಿಗೆ ಅದಕ್ಕಿಂತ ಹಳೆಯ ಲೆಕ್ಕ ಇದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಮೇಷ್ಟ್ರು ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಪ್ರಸಾರ ಕೇಂದ್ರ ಮಾಡಿಕೊಂಡರು. ಅದರ ಶಕ್ತಿ 30 ವ್ಯಾಟ್. ಹಳೇ ಸೀಲಿಂಗ್ ಫ್ಯಾನಿಗೂ ಅದರ ಎರಡರಷ್ಟು ಬೇಕು! ಆಕಾಶವಾಣಿ ಅನ್ನೋ ಹೆಸರು ಇಡೀ ದೇಶಕ್ಕೆ ಹೋಗಿದ್ದು ಆ ಮನೆಯಿಂದ.

ಇದನ್ನೆಲ್ಲ ಪ್ರತಿವರ್ಷ ಎಲ್ಲರೂ ಹೇಳ್ತಾರೆ. ನಾನು ಮಾತಾಡಬೇಕು ಅಂತಿರೋದು ರೇಡಿಯೊದ ಒಂದು ದಿನದ ಬಗ್ಗೆ. ಬೆಳಿಗ್ಗೆ ಶಾಸ್ತ್ರೀಯ ಸಂಗೀತ, ಹಗಲೆಲ್ಲ ಕ್ರಿಕೆಟ್ಟಿನ ವೀಕ್ಷಕ ವಿವರಣೆ, ರಾತ್ರಿ ನಾಟಕ. ಮೂರೂ ಒಂದೇ ಸ್ಟೇಷನ್ನಿನಲ್ಲಿ. ಮುಳ್ಳು ತಿರುಗಿಸೋ ಗೋಜೇ ಇಲ್ಲ, ಯಾಕಂದ್ರೆ ತಿರುಗಿಸಿದರೂ ಬೇರೇನೂ ಸರಿಯಾಗಿ ಸಿಗ್ತಿರಲಿಲ್ಲ.

ಅರಸೀಕೆರೆ ಕಡೆ ನಮ್ಮ ತಾತನ ಮನೆಯಲ್ಲಿ ರೇಡಿಯೊ ಇದ್ದದ್ದು ಅಡುಗೆಮನೆಗೂ ಪಡಸಾಲೆಗೂ ನಡುವಿನ ಗೂಡಿನಲ್ಲಿ. ಬೆಳಗಿನ ಸಂಗೀತ ತಾತನದು. ಕ್ರಿಕೆಟ್ ಹುಡುಗರದು. ನಾಟಕ ಅಜ್ಜಿಯದು. ಆದರೆ ಸೆಟ್ಟು ಒಂದೇ, ಕಿವಿಗಳಿಗೆ ಬಾಗಿಲು ಇಲ್ಲ. ಹಾಗಾಗಿ ಸ್ಕೋರ್ ಯಾವಾಗ ಬರುತ್ತೋ ಅಂತ ಕಾಯ್ತಾ ಕೂತ ನನಗೆ ವೀಣೆಯ ತಾನ ಕಿವಿಗೆ ಬಿತ್ತು. ರಾತ್ರಿಯ ನಾಟಕಕ್ಕೆ ಕಾಯ್ತಿದ್ದ ಅಜ್ಜಿಗೆ ‘ಎಲ್‌ಬಿಡಬ್ಲ್ಯು’ ಅಂದ್ರೆ ಏನು ಅಂತ ಗೊತ್ತಾಯ್ತು. ಒಂದು ಹೊತ್ತು ಹಿಂದಿ, ಒಂದು ಹೊತ್ತು ಇಂಗ್ಲಿಷ್, ಎರಡೂ ಬಾರದ ಅಜ್ಜಿ ಜನರ ಕೂಗಿನಲ್ಲೇ ಹೇಳಿಬಿಡೋರು: “ಯಾರೋ ಹೋದ ನೋಡು.”

1999ರ ಫೆಬ್ರವರಿ 7, ಭಾನುವಾರ. ದಿಲ್ಲಿಯ ಫಿರೋಜ್ ಷಾ ಕೋಟ್ಲಾ. ಊರಿನಲ್ಲಿ ಕರೆಂಟ್ ಇಲ್ಲ, ಟಿವಿ ಸತ್ತು ಕೂತಿದೆ. ಪಾಕಿಸ್ತಾನಕ್ಕೆ 420 ಗುರಿ, ಒಂದೂ ವಿಕೆಟ್ ಇಲ್ಲದೆ 101. ಅಲ್ಲಿಂದ ಶುರುವಾಯ್ತು ಅನಿಲ್ ಕುಂಬ್ಳೆ ಕಥೆ. ಒಂಬತ್ತು ವಿಕೆಟ್ ಆದಮೇಲೆ ಇನ್ನೊಂದು ತುದಿಯಲ್ಲಿ ಬಾಲ್ ಹಿಡಿದವರು ಯಾರು? ನಮ್ಮ ಮೈಸೂರಿನ ಜಾವಗಲ್ ಶ್ರೀನಾಥ್. ಗೆಳೆಯನಿಗೆ ಹತ್ತನೆಯದು ಸಿಗಲಿ ಅಂತ ಸ್ಟಂಪಿನಿಂದ ದೂರ ದೂರ ಎಸೆದರು. ವಿಕೆಟ್ ಬೀಳದೇ ಇರಲಪ್ಪ ಅಂತ ಭಾರತದ ಬೌಲಿಂಗಿಗೆ ನಾವು ಹರಕೆ ಹೊತ್ತ ಓವರ್ ಅದೊಂದೇ ಇರಬೇಕು. ಕೊನೆಗೆ ವಾಸಿಂ ಅಕ್ರಮ್ ಕ್ಯಾಚ್ ಹೋಯ್ತು, ಲಕ್ಷ್ಮಣ್ ಹಿಡಿದರು. 74ಕ್ಕೆ 10. ಆಮೇಲೆ ಅದರ ವಿಡಿಯೊ ನೂರಾರು ಸಲ ನೋಡಿದೀನಿ. ನನ್ನ ತಲೆಯೊಳಗಿನ ಕೋಟ್ಲಾ ಮಾತ್ರ ಬೇರೆ, ಅದು ಇನ್ನೂ ದೊಡ್ಡದು.

ನಾಟಕಕ್ಕೂ ಇದೇ ಮಾತು. ತೆಂಗಿನ ಚಿಪ್ಪು ತಟ್ಟಿದರೆ ಕುದುರೆ. ನಟಿ ಮೈಕಿನಿಂದ ನಾಲ್ಕು ಹೆಜ್ಜೆ ಹಿಂದೆ ಸರಿದು ಮಾತಾಡಿದರೆ ಆಕೆ ಹಿತ್ತಿಲಲ್ಲಿದ್ದಾಳೆ ಅಂತ ಅರ್ಥ. ಇಷ್ಟರಲ್ಲೇ ಒಂದು ಮನೆ ಕಟ್ಟಿ ನಿಲ್ಲಿಸ್ತಿದ್ದರು. ನಾವು ಗ್ರಾಫಿಕ್ಸ್ ಹಾಕಿ, ಬಾಣ ಹಾಕಿ, ಕೆಂಪು ವೃತ್ತ ಹಾಕಿ ತೋರಿಸಿದರೂ ನೋಡುಗರಿಗೆ ಅನುಮಾನ!

ಎಲೆಕ್ಟ್ರಾನಿಕ್ಸ್ ಓದಿದ ಇಂಜಿನಿಯರ್ ನಾನು, ಹಾಗಾಗಿ ಒಂದು ವಿಷಯ ಹೇಳಲೇಬೇಕು. ಬೆಂಗಳೂರು 612 ಕಿಲೋಹರ್ಟ್ಸ್, ಧಾರವಾಡ 765. ಇವು ಮಧ್ಯಮ ತರಂಗ. ಹಗಲಿನಲ್ಲಿ ವಾತಾವರಣದ ಮೇಲಿನ ಒಂದು ಪದರ ಈ ಅಲೆಗಳನ್ನು ನುಂಗುತ್ತೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತೆ, ಅಲೆಗಳು ಇನ್ನೂ ಮೇಲೆ ಹೋಗಿ ತಟ್ಟಿ ದೂರದೂರಿಗೆ ವಾಪಸ್ ಬೀಳ್ತವೆ. ಕತ್ತಲಾದಮೇಲೆ ಎಲ್ಲೆಲ್ಲಿಯದೋ ಸ್ಟೇಷನ್ ಸಿಗ್ತಿತ್ತಲ್ಲ, ಅದಕ್ಕೆ ಇದೇ ಕಾರಣ. ಸೆಟ್ಟನ್ನು ಸ್ವಲ್ಪ ತಿರುಗಿಸಿದರೆ ಗೊರಗೊರ ನಿಲ್ಲೋದು ಒಳಗಿನ ಫೆರೈಟ್ ಕಡ್ಡಿಯಿಂದ. ಅದಕ್ಕೆ ದಿಕ್ಕು ಬೇಕು. ನೆತ್ತಿ ಮೇಲೆ ಕುಟ್ಟೋದಕ್ಕೆ ಮಾತ್ರ ಯಾವ ವಿಜ್ಞಾನವೂ ಇಲ್ಲ.

ಈಗ ಅಸಲಿ ಪ್ರಶ್ನೆ. ಇವತ್ತು ಸಂಗೀತ ಕಡಿಮೆಯಾಗಿದೆಯಾ? ಇಲ್ಲ ಸ್ವಾಮಿ. ಬೆಂಗಳೂರಿಗೆ ಅಮೃತವರ್ಷಿಣಿ ಅಂತ ಶಾಸ್ತ್ರೀಯ ಸಂಗೀತಕ್ಕೇ ಎಫ್‌ಎಂ ಬಂತು. 2016ರಲ್ಲಿ ದಿನವಿಡೀ ರಾಗವೇ ಇರೋ ‘ರಾಗಂ’ ಬಂತು. ಕ್ರೀಡೆಗೆ ಹತ್ತಾರು ಚಾನೆಲ್, ನಾಟಕಕ್ಕೆ ಯೂಟ್ಯೂಬ್. ಎಲ್ಲವೂ ಇದೆ, ಒಂದೊಂದೂ ಒಂದೊಂದು ಕೋಣೆಯಲ್ಲಿ. ಚಿಲಕ ತೆಗೆದವನಿಗೆ ಮಾತ್ರ ಸಿಗುತ್ತೆ. ರಾಗ ಇಷ್ಟ ಅಂತ ಮೊದಲೇ ಗೊತ್ತಿರೋನು ‘ರಾಗಂ’ ಹುಡುಕ್ತಾನೆ. ಗೊತ್ತಿಲ್ಲದ ಹತ್ತು ವರ್ಷದ ಹುಡುಗ? ಅವನ ಫೋನು ನಿನ್ನೆ ನೋಡಿದ್ದನ್ನೇ ಇವತ್ತೂ ತೋರಿಸುತ್ತೆ. ನಮ್ಮ ಸುದ್ದಿ ಚಾನೆಲ್‌ಗಳೂ ಬೇರೆ ಅಲ್ಲ. ಒಂದು ಪ್ರಕರಣ ಹಿಡಿದರೆ ಬೆಳಗಿನಿಂದ ರಾತ್ರಿವರೆಗೆ ಅದೇ.

ಹಾಗಂತ ಬಲವಂತ ಮಾಡಿ ಅಂತ ನಾನು ಹೇಳ್ತಿಲ್ಲ. ಅದನ್ನೂ ಈ ದೇಶ ನೋಡಿದೆ. 1952ರಲ್ಲಿ ಬಿ.ವಿ. ಕೇಸ್ಕರ್ ಮಂತ್ರಿಯಾಗಿ ಬಂದು ಆಕಾಶವಾಣಿಯಿಂದ ಸಿನಿಮಾ ಹಾಡನ್ನೇ ಆಚೆ ಇಟ್ಟರು, ಶಾಸ್ತ್ರೀಯ ಸಂಗೀತ ಸುರಿಸಿದರು. ಜನ ಏನು ಮಾಡಿದರು? ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್‌ಗೆ ಹೋದರು. 1957ರಲ್ಲಿ ವಿವಿಧ ಭಾರತಿ ಶುರು ಮಾಡಿ ಅವರನ್ನು ವಾಪಸ್ ಕರೀಬೇಕಾಯ್ತು. ಅದಕ್ಕೂ ಮುಂಚೆ, 1940ರಿಂದ 1971ರವರೆಗೆ, ಹಾರ್ಮೋನಿಯಂಗೇ ನಿಷೇಧ! ಔಷಧ ಅಂತ ಕುಡಿಸಿದರೆ ಯಾರೂ ಕುಡಿಯಲ್ಲ. ಪಕ್ಕದ ಎಲೆಗೆ ಬಡಿಸಿದ್ದು ನಮ್ಮ ಎಲೆಗೂ ಒಂದು ಚೂರು ಬಿದ್ದರೆ ರುಚಿ ನೋಡ್ತೀವಿ.

ಧಾರವಾಡ ಕೇಂದ್ರ ನೋಡಿ. 1950ರ ಜನವರಿಯಲ್ಲಿ ಶುರುವಾಯ್ತು. ಸಂಗೀತಕ್ಕೆ ಸಲಹೆಗಾರರಾಗಿದ್ದವರು ಮಲ್ಲಿಕಾರ್ಜುನ ಮನ್ಸೂರರು. ಸಾಹಿತ್ಯಕ್ಕೆ ಬೇಂದ್ರೆಯವರು. ಎನ್ಕೆ ಕುಲಕರ್ಣಿಯವರು ಅಲ್ಲೇ ಕೆಲಸದಲ್ಲಿದ್ದು ನಾಟಕ ಬರೆದರು. ಇಂಥವರೆಲ್ಲ ಒಂದೇ ಕೇಂದ್ರದ ಹೆಸರಿನಲ್ಲಿ, ಒಂದೇ ಅಲೆಯ ಮೇಲೆ ಹೊಲಕ್ಕೂ ಕೇಳಿಸಿದರು, ಹೋಟೆಲಿಗೂ ಕೇಳಿಸಿದರು.

ಆ ಒಂದೇ ಅಲೆಗೆ ಈಗ ಕುತ್ತು ಬಂದಿದೆ. ಮಧ್ಯಮ ತರಂಗದ ಟ್ರಾನ್ಸ್‌ಮಿಟರ್‌ಗಳನ್ನು ದೇಶದಲ್ಲಿ ಒಂದೊಂದಾಗಿ ನಿಲ್ಲಿಸ್ತಾ ಬಂದಿದ್ದಾರೆ. ಕರೆಂಟ್ ಬಿಲ್ ಜಾಸ್ತಿ, ಕೇಳೋರು ಕಮ್ಮಿ. ಲೆಕ್ಕ ತಪ್ಪು ಅಂತ ಇಂಜಿನಿಯರ್ ಆಗಿ ನಾನು ಹೇಳಲಾರೆ. ಟ್ರಾನ್ಸ್‌ಮಿಟರ್ ಹೋಗಲಿ, ಎಫ್‌ಎಂನಲ್ಲೇ ಕೊಡಿ, ಆ್ಯಪ್‌ನಲ್ಲೇ ಕೊಡಿ. ನನ್ನ ಬೇಡಿಕೆ ಒಂದೇ, ಆ ಕಲಸಿದ ದಿನವನ್ನು ಬಿಡಿಸಬೇಡಿ. ಕ್ರಿಕೆಟ್ ಊಟದ ವಿರಾಮಕ್ಕೆ ಹೋದಾಗ ಜಾಹೀರಾತಿನ ಬದಲು ಹತ್ತು ನಿಮಿಷ ಕೊಳಲು ಹಾಕಿ. ಪಂದ್ಯ ಮುಗಿದ ರಾತ್ರಿ ಅದೇ ಸ್ಟೇಷನ್ನಿನಲ್ಲಿ ಅರ್ಧ ಗಂಟೆ ಹೊಸ ಕನ್ನಡ ನಾಟಕ ಹಾಕಿ, ಹಳೆಯದರ ಮರುಪ್ರಸಾರ ಅಲ್ಲ. ಬರೆಯೋ ಹುಡುಗರು ಹವ್ಯಾಸಿ ತಂಡಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಕೊಡೋ ಸಂಭಾವನೆ ಒಂದು ಟ್ರಾನ್ಸ್‌ಮಿಟರಿನ ಕರೆಂಟ್ ಬಿಲ್ಲಿನ ಮುಂದೆ ಎಷ್ಟರದು?

ಸರಿ, ಟೈಮ್ ಆಯ್ತು ಅಂತ ಕಿವಿಯಲ್ಲಿ ಕೂಗ್ತಿದ್ದಾರೆ. ಇವತ್ತು ರಾತ್ರಿ ಊಟದ ಹೊತ್ತಿಗೆ ನಮ್ಮನ್ನ ಮ್ಯೂಟ್ ಮಾಡಿ, ನಿಮ್ಮೂರಿನ ಆಕಾಶವಾಣಿ ಹಚ್ಚಿ. ಹೆಡ್‌ಲೈನ್ಸ್ ಎಲ್ಲೂ ಓಡಿಹೋಗಲ್ಲ, ಬೆಳಿಗ್ಗೆಯೂ ಇದೇ ಇರುತ್ತೆ.