ಗಾಜಿನ ತೊಟ್ಟಿಯ ಮೀನು ಹುಟ್ಟಿದ್ದೆಲ್ಲಿ?

ಇಂಡೊನೇಷ್ಯದ ಸುಲವೇಸಿಯ ಪಕ್ಕದ ಬಂಗ್ಗಾಯ್ ದ್ವೀಪಗಳ ಕಡಲಲ್ಲಿ ಬೆರಳುದ್ದದ ಮೀನೊಂದಿದೆ. ಬೆಳ್ಳಿ ಮೈ, ಕಪ್ಪು ಪಟ್ಟೆ, ಬಿಳಿ ಚುಕ್ಕಿ. ಹೆಸರು ಬಂಗ್ಗಾಯ್ ಕಾರ್ಡಿನಲ್. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ಬಾಯಲ್ಲೇ ತುಂಬಿಕೊಳ್ಳುತ್ತದೆ. ಒಡೆದು ಮರಿಗಳಾದ ಮೇಲೂ ಕೆಲವು ದಿನ, ಒಂದು ತುತ್ತೂ ತಿನ್ನದೆ, ಬಾಯಲ್ಲೇ ಕಾಯುತ್ತದೆ. ಹೊರಬಿದ್ದ ಮರಿಗಳು ದೂರ ತೇಲಿಹೋಗುವುದಿಲ್ಲ. ಅಲ್ಲೇ ಉದ್ದ ಮುಳ್ಳಿನ ಸೀ ಅರ್ಚಿನ್‌ಗಳ ಸಂದಿಯಲ್ಲಿ ಬೆಳೆಯುತ್ತವೆ.

ಹುಟ್ಟಿದ ಜಾಗ ಬಿಡದ ಈ ಗುಣವೇ ಅದಕ್ಕೆ ಮುಳುವಾಯಿತು. 1990ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರಿಗಳ ಕಣ್ಣಿಗೆ ಬಿದ್ದದ್ದೇ ತಡ, ವರ್ಷಕ್ಕೆ ಲಕ್ಷಗಟ್ಟಲೆ ಮೀನುಗಳು ಚೀಲ ಸೇರಿದವು. ಒಂದು ಕಡೆ ಬರಿದಾದರೆ ಇನ್ನೊಂದು ಕಡೆಯಿಂದ ಬಂದು ತುಂಬುವ ಮೀನಲ್ಲ ಅದು. 2007ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಅದನ್ನು ಅಪಾಯದಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿತು. ಅದೇ ವರ್ಷ, ವನ್ಯಜೀವಿ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟ್ಸ್‌ನ ಸಭೆಯಲ್ಲಿ ಅದರ ವ್ಯಾಪಾರಕ್ಕೆ ಕಡಿವಾಣ ಹಾಕಲು ಅಮೆರಿಕ ಮುಂದಿಟ್ಟ ಪ್ರಸ್ತಾವ ಮಾತ್ರ ವಾಪಸಾಯಿತು. ಕಾನೂನು ತಡೆಯಲಿಲ್ಲ ಎಂದ ಮಾತ್ರಕ್ಕೆ ಹಿಡಿದದ್ದು ನ್ಯಾಯವಾಗುವುದಿಲ್ಲ.

ಹವಳದ ದಿಬ್ಬಗಳ ಇತರ ಮೀನುಗಳನ್ನು ಹಿಡಿಯುವ ಒಂದು ರೀತಿ ಇನ್ನೂ ಘೋರ. ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲೇ ಸಯನೈಡ್ ಬಳಕೆ ಶುರುವಾಯಿತು. ಮಾತ್ರೆ ಕರಗಿಸಿದ ನೀರನ್ನು ಬಾಟಲಿಯಿಂದ ಹವಳದ ಬಿರುಕಿಗೆ ಚಿಮ್ಮಿದರೆ ಮೀನು ಮಂಕಾಗಿ ಕೈಗೆ ಸಿಗುತ್ತದೆ. ಹವಳ ಸಾಯುತ್ತದೆ. ಕೊಂಡವರ ಮನೆಯಲ್ಲಿ ಕೆಲವೇ ದಿನಕ್ಕೆ ಮೀನು ಸತ್ತರೆ, ತಪ್ಪು ತಮ್ಮದೇ ಎಂದು ಅವರು ಕೊರಗುತ್ತಾರೆ.

ಭಾರತದಲ್ಲಿ 2001ರಲ್ಲಿ ಕಡಲ್ಗುದುರೆ, ದಿಬ್ಬ ಕಟ್ಟುವ ಹವಳ, ಸೀ ಫ್ಯಾನ್‌ಗಳನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ, ಅಂದರೆ ಹುಲಿಯ ಸಾಲಿಗೇ, ಸೇರಿಸಲಾಯಿತು. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಬಳಿ ನೀರಿಗಿಳಿದವರು ನೆನಪಿಗೆಂದು ಹವಳದ ಚೂರು ಎತ್ತಿ ಜೇಬಿಗಿಟ್ಟರೂ ಅಪರಾಧವೇ.

ಹಾಗಾದರೆ ಮೀನು ಸಾಕುವ ಹವ್ಯಾಸವನ್ನೇ ಬಿಡಬೇಕೇ? ಬೇಕಿಲ್ಲ. ಬಂಗ್ಗಾಯ್ ಕಾರ್ಡಿನಲ್ ತೊಟ್ಟಿಯಲ್ಲೇ ಮರಿ ಮಾಡುತ್ತದೆ. ಕ್ಲೌನ್ ಮೀನನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಮರಿ ಮಾಡಿಸಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ಮಹಿಳೆಯರು ಅಲಂಕಾರಿಕ ಸಿಗಡಿ ಸಾಕಲು ಕಲಿತಿದ್ದಾರೆ.

ಮುಂದಿನ ಬಾರಿ ಅಂಗಡಿಗೆ ಹೋದಾಗ, ಬೆಲೆ ವಿಚಾರಿಸುವ ಮುನ್ನ ಇದೊಂದನ್ನು ಕೇಳಿ: ‘ಇದು ಸಾಕಿದ್ದೋ, ಸಮುದ್ರದಿಂದ ಹಿಡಿದದ್ದೋ?’ ಅಂಗಡಿಯವರು ತಡವರಿಸಿದರೆ ದಯವಿಟ್ಟು ಬರಿಗೈಯಲ್ಲೇ ಮನೆಗೆ ಬನ್ನಿ.