ಸೋಲಿಗರ ಎಲ್ಲೆ
(ನಿಡಗುಂದಿಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಎರೆಹೊಲ, ಬಿಳಿಜೋಳ, ಬಿರುಬಿಸಿಲಿನ ಈ ಸೀಮೆ ಎಲ್ಲಿ, ರಾಜ್ಯದ ದಕ್ಷಿಣ ತುದಿಯಲ್ಲಿ ಆನೆ-ಹುಲಿಗಳ ನಡುವೆ ಬಾಳುವ ಸೋಲಿಗರೆಲ್ಲಿ! ನಿಡಗುಂದಿಯವರಿಗೆ ಬೆಟ್ಟದ ಮಾತು ದೂರದ್ದೆನಿಸಿದರೆ ತಪ್ಪಿಲ್ಲ. ಆದರೆ ಊರು ಬಿಡುವುದೆಂದರೇನು ಎಂಬುದನ್ನು ಮಾತ್ರ ಇಲ್ಲಿಯವರಿಗೆ ಯಾರೂ ವಿವರಿಸಬೇಕಾಗಿಲ್ಲ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಮುಳುಗಿಸಿದ್ದು ಹೊಲ-ಮನೆಗಳನ್ನಷ್ಟೇ ಅಲ್ಲ. ಗುಡಿಯ ಮೂರ್ತಿಯನ್ನು ಪುನರ್ವಸತಿ ಕೇಂದ್ರಕ್ಕೆ ಒಯ್ಯಬಹುದು. ಅಜ್ಜನನ್ನು ಮಣ್ಣು ಮಾಡಿದ ಜಾಗವನ್ನು ಒಯ್ಯಲಾಗದು. ಸೋಲಿಗರ ಸಂಸ್ಕೃತಿಯನ್ನು ಅರಿಯಲು ಈ ಅನುಭವವೇ ಒಳ್ಳೆಯ ದಾರಿ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ ಪೂರ್ವ ಹಾಗೂ ಪಶ್ಚಿಮ ಘಟ್ಟಗಳನ್ನು ಬೆಸೆಯುವ ಸಾಲು. ಅಲ್ಲಿಯೂ, ಮಲೆ ಮಹದೇಶ್ವರ ಬೆಟ್ಟದ ಸುತ್ತಲೂ, ಗಡಿಯಾಚೆ ತಮಿಳುನಾಡಿನ ಸತ್ಯಮಂಗಲದ ಕಾಡಿನಲ್ಲೂ ಸೋಲಿಗರಿದ್ದಾರೆ. ಅವರ ನುಡಿ ಕನ್ನಡಕ್ಕೆ ತೀರ ಹತ್ತಿರ. ಹಾಡಿಯನ್ನು ಅವರು ಪೋಡು ಎನ್ನುತ್ತಾರೆ. ಬೆಟ್ಟದ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮದುವೆಯಾದನೆಂಬುದು ಅವರ ಕಥೆ. ಹಾಗಾಗಿ ದೇವರು ಅವರಿಗೆ ಒಡೆಯನಲ್ಲ, ಭಾವ. ಭಾವನೊಡನೆ ಸಲುಗೆಯಿಂದ ಮಾತಾಡುವ ಹಕ್ಕು ಯಾರಿಗೆ ತಾನೇ ಇಲ್ಲ? ಹುಲಿಯೂ ಅವರಿಗೆ ಬರಿಯ ಮೃಗವಲ್ಲ, ಪೂಜೆಗೊಳ್ಳುವ ಹುಲಿವೀರಪ್ಪ.

ಸೋಲಿಗರಲ್ಲಿ ಹಲವು ಕುಲಗಳಿವೆ. ಒಂದೇ ಕುಲದೊಳಗೆ ಮದುವೆಯಿಲ್ಲ. ಮೆಚ್ಚಿದ ಹುಡುಗ-ಹುಡುಗಿ ಕಾಡಿಗೆ ಓಡಿಹೋಗಿ, ಮರಳಿ ಬಂದ ಮೇಲೆ ಹಿರಿಯರ ನ್ಯಾಯದಲ್ಲಿ ತಪ್ಪುಕಾಣಿಕೆ ಕಟ್ಟಿ ಗಂಡಹೆಂಡಿರಾಗುವುದು ಅಲ್ಲಿ ಹಳೆಯ ವಾಡಿಕೆ. ಬಯಲುಸೀಮೆಯಲ್ಲಿ ಮನೆಗಳನ್ನೇ ಒಡೆಯುವ ಸಂಗತಿ ಅಲ್ಲಿ ಒಂದು ದಂಡ, ಒಂದು ಊಟದಲ್ಲಿ ಮುಗಿಯುತ್ತದೆ.

ಈ ಕುಲಗಳಿಗೆ ಕಾಡಿನಲ್ಲಿ ತಮ್ಮತಮ್ಮ ಎಲ್ಲೆಗಳಿವೆ. ಎಲ್ಲೆಯೆಂದರೆ ಇಲ್ಲಿ ಬೇಲಿಯಲ್ಲ, ಬಾಂದುಕಲ್ಲೂ ಅಲ್ಲ. ಒಂದು ಎಲ್ಲೆಯಲ್ಲಿ ಐದು ನೆಲೆಗಳಿರಬೇಕು: ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ. ದೇವರಿಗೊಂದು ತಾಣ, ಮಾರಮ್ಮನಿಗೊಂದು. ವೀರು ಕಾವಲಿನ ಶಕ್ತಿ. ಕಲ್ಲುಗುಡಿ ಸತ್ತವರ ಜಾಗ. ಅಬ್ಬಿ ನೀರಿನ ಸೆಲೆ. ನಕ್ಷೆಯಲ್ಲಿ ಹಸಿರು ಬಣ್ಣವಾಗಿ ಮಾತ್ರ ಕಾಣುವ ಬೆಟ್ಟದಲ್ಲಿ ಇಂಥ ತಾಣಗಳು ನೂರಾರು. ಭಾರ್ಗವಿ ಹೊಳೆಯ ಬದಿಯ ದೊಡ್ಡಸಂಪಿಗೆ ಅವುಗಳಲ್ಲಿ ಹೆಸರಾದದ್ದು; ಆ ಮುದಿಮರದ ಬುಡದಲ್ಲಿ ಕಲ್ಲುಗಳೇ ಲಿಂಗಗಳಾಗಿ ಪೂಜೆಗೊಳ್ಳುತ್ತವೆ.

ಹಿಂದೆ ಸೋಲಿಗರು ತಮ್ಮ ಎಲ್ಲೆಯೊಳಗೇ ಜಾಗ ಬದಲಿಸುತ್ತ ರಾಗಿ ಬಿತ್ತುತ್ತಿದ್ದರು. ರಾಗಿ ಕೈಸೇರಿದಾಗ ರೊಟ್ಟಿ ಹಬ್ಬ. ರಾತ್ರಿಯೆಲ್ಲ ಗೊರುಕನ ಪದ ಹಾಡಿ ಕುಣಿತ. ಗಿಡಮರ, ಹಕ್ಕಿ, ಮೃಗಗಳೆಲ್ಲ ಆ ಪದಗಳಲ್ಲಿ ಬಂದುಹೋಗುತ್ತವೆ. ಬರವಣಿಗೆಯಿಲ್ಲದೆ ಸಾಗಿಬಂದ ತಿಳಿವು ಉಳಿದಿರುವುದು ಹೀಗೆ, ಹಾಡಿನಲ್ಲಿ ಮತ್ತು ನಡಿಗೆಯಲ್ಲಿ.

1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ಬೇಸಾಯ ನಿಂತಿತು; ಜನರನ್ನು ಪೋಡುಗಳಲ್ಲಿ ನೆಲೆ ನಿಲ್ಲಿಸಲಾಯಿತು. ಮುಂದೆ, 2000ದ ದಶಕದ ಮಧ್ಯದಲ್ಲಿ, ಜೇನು, ನೆಲ್ಲಿಕಾಯಿ, ಪಾಚಿಗಳನ್ನು ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೂ ತಡೆ ಬಿತ್ತು. ಇವೆಲ್ಲಕ್ಕಿಂತ ಕಡಿಮೆ ಸುದ್ದಿಯಾದದ್ದು, ಆದರೆ ಬಹುಶಃ ಎಲ್ಲಕ್ಕಿಂತ ದೊಡ್ಡದು, ಬೆಂಕಿಯ ನಿಷೇಧ.

ಸೋಲಿಗರು ಬೇಸಿಗೆ ಬಲಿಯುವ ಮುನ್ನವೇ, ನೆಲದ ತರಗೆಲೆ ಮಾತ್ರ ಸುಡುವಂತೆ ಸಣ್ಣಗೆ ಬೆಂಕಿ ಕೊಡುತ್ತಿದ್ದರು. ಅದು ತರಗು ಬೆಂಕಿ. ಹುಲ್ಲು ಚಿಗುರಿ ಜಿಂಕೆ, ಕಾಟಿಗಳಿಗೆ ಮೇವಾಗುತ್ತಿತ್ತು, ದೊಡ್ಡ ಮರಗಳಿಗೆ ಏಟು ತಟ್ಟುತ್ತಿರಲಿಲ್ಲ. ಕಾನೂನಿನ ಕಣ್ಣಿಗೆ ಬೆಂಕಿಯೆಲ್ಲ ಒಂದೇ, ಅಪರಾಧ. ಆಮೇಲೆ ಆದದ್ದೇನು? ಬ್ರಿಟಿಷರು ಅಂಗಳದ ಅಲಂಕಾರಕ್ಕೆಂದು ಈ ದೇಶಕ್ಕೆ ತಂದ ಲಂಟಾನ ಕಾಡಿನೊಳಗೆ ನುಗ್ಗಿತು. 1997ರಿಂದ 2008ರ ನಡುವೆ ಬೆಟ್ಟದಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿ ಹಬ್ಬಿತೆಂದು ಸಂಶೋಧಕರು ಅಳೆದು ಹೇಳಿದ್ದಾರೆ. ತರಗು ಬೆಂಕಿ ನಿಂತದ್ದೇ ಇದಕ್ಕೆ ಕಾರಣವೆಂದು ಸೋಲಿಗ ಹಿರಿಯರು ಬಹಳ ಕಾಲದಿಂದ ಹೇಳುತ್ತಿದ್ದಾರೆ. ನೆಲ್ಲಿಮರದ ರಸ ಹೀರುವ ಬಂದಳಿಕೆ, ಅವರ ಮಾತಿನಲ್ಲಿ ಉಪ್ಪಿಲು, ಹೆಚ್ಚಿದ್ದಕ್ಕೂ ಅವರು ಕೊಡುವ ಕಾರಣ ಅದೇ. ಕಾಡಿನ ಓದು ಓದಿದವರು ಈ ಮಾತಿಗೆ ಕಿವಿಗೊಡಲು ತಡವಾಯಿತು.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಮತ್ತೆ ಎಬ್ಬಿಸುತ್ತಾರೇನೋ ಎಂಬ ಅಂಜಿಕೆ ಪೋಡುಗಳಿಗೆ. ಸೋಲಿಗರು 2006ರ ಅರಣ್ಯ ಹಕ್ಕು ಕಾಯಿದೆಯನ್ನು ಹಿಡಿದರು. ಸೋಲಿಗರಲ್ಲಿ ಮೊದಲು ಡಾಕ್ಟರೇಟ್ ಪಡೆದ ಸಿ. ಮಾದೇಗೌಡರಂಥವರು ಹಿರಿಯರ ಜೊತೆ ತಿರುಗಿ ಎಲ್ಲೆಗಳನ್ನೂ ದೇವರ ತಾಣಗಳನ್ನೂ ನಕ್ಷೆಗಿಳಿಸುವ ಕೆಲಸದಲ್ಲಿ ತೊಡಗಿದ್ದರು. ಬಾಯಿಮಾತಿನ ಎಲ್ಲೆಗೆ ಕಾಗದದ ಬಲ ಬಂತು. ಅದೇ ವರ್ಷ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು.

ಜೇನು, ನೆಲ್ಲಿಕಾಯಿ, ದೇವರ ಪೂಜೆಗಳಿಗೆ ಹೀಗೆ ಹಕ್ಕುಪತ್ರ ಬಂತು. ತರಗು ಬೆಂಕಿಗೆ ಬರಲಿಲ್ಲ. ಬಂದಿದ್ದರೂ ಮೊದಲಿನಂತೆ ಹಚ್ಚುವುದು ಸುಲಭವಲ್ಲ: ಆಳೆತ್ತರ ಬೆಳೆದು ಒಣಗಿದ ಲಂಟಾನದಲ್ಲಿ ಕಿಡಿ ಬಿದ್ದರೆ ಉರಿ ಮರದ ತುದಿ ಮುಟ್ಟುತ್ತದೆ. ತರಗು ಬೆಂಕಿಯನ್ನು ಕೈಯಾರೆ ಹಚ್ಚಿ ಬಲ್ಲವರು ಈಗ ಮುದುಕರು. ಮಲೆ ಮಹದೇಶ್ವರ ಬೆಟ್ಟದ ಕಡೆ ಸೋಲಿಗರು ಲಂಟಾನದ ಕಡ್ಡಿಯನ್ನು ಬೇಯಿಸಿ, ತೊಗಟೆ ಸುಲಿದು, ಬಗ್ಗಿಸಿ ಕುರ್ಚಿ-ಮೇಜು ಮಾಡಿ ಮಾರುವುದನ್ನು ಕಲಿತಿದ್ದಾರೆ.